ಅಂಗನವಾಡಿ, ಪೇಟೆಯ ಎಲ್‌ಕೆಜಿ, ಗಡಿಯಾಚೆಯ ಎಲ್‌ಕೆಜಿ: ಮೂರೂ ಕಡೆ ಮಗನನ್ನು ಕಳಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನನ್ನ ಓಟು ಮನೆ ಹತ್ತಿರದ ಅಂಗನವಾಡಿಗೆ. ಅದಾದ ಮೇಲೆ ಊರಿನ ಕನ್ನಡ ಶಾಲೆಯ ಪ್ರಿ-ಪ್ರೈಮರಿಗೆ. ಉಳಿದವುಗಳ ಬಗ್ಗೆ ಅವರಿವರು ಹೇಳಿದ್ದನ್ನು ಕೇಳಿ ಬರೆಯುತ್ತಿಲ್ಲ. ಮಗನ ಎಲ್‌ಕೆಜಿ ಫೀಸನ್ನು ಕೇರಳ-ಕರ್ನಾಟಕ ಗಡಿಯ ಈಚೆಗೂ ಕಟ್ಟಿದ್ದೇವೆ, ಆಚೆಗೂ ಕಟ್ಟಿದ್ದೇವೆ.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ, ಪೆರ್ಲದಿಂದ ಸ್ವಲ್ಪ ಒಳಗೆ. ನಾನು ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಗಂಡನಿಗೆ ಅಡಿಕೆ ತೋಟ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗದ ಮದ್ದು ಬಿಡುವ (ಸಿಂಪಡಿಸುವ) ಗಡಿಬಿಡಿ ಇರುವಾಗ ಅವರನ್ನು ಹಿಡಿಯುವುದೇ ಕಷ್ಟ. ಅತ್ತೆಗೆ ಮೊಣಕಾಲು ನೋವು, ಓಡಾಡುವ ಮಗುವಿನ ಹಿಂದೆ ಹೋಗಲಾರರು. ಮನೆಯಲ್ಲಿ ಮಾತು ತುಳು. ಮಗಳು ದೊಡ್ಡವಳು, ಊರಿನ ಕನ್ನಡ ಶಾಲೆಗೆ ಹೋಗುತ್ತಾಳೆ. ಮಗ ಹುಟ್ಟಿದ್ದು ಜುಲೈಯಲ್ಲಿ. ಈ ಜುಲೈ ಎಂಬುದು ನೆನಪಿರಲಿ, ನಮ್ಮ ಅರ್ಧ ತಲೆನೋವು ಅದರಿಂದಲೇ.

ಕೇರಳದಲ್ಲಿ ಇಷ್ಟು ವರ್ಷ ನಡೆದುಬಂದ ಲೆಕ್ಕ ಹೀಗೆ: ಜೂನ್ 1ಕ್ಕೆ 5 ವರ್ಷ ತುಂಬಿದ್ದರೆ ಒಂದನೇ ಕ್ಲಾಸು. ಹಾಗಾಗಿ 3 ತುಂಬಿದ ಮಗುವನ್ನು ಎಲ್‌ಕೆಜಿಗೆ ಹಾಕುತ್ತಾರೆ. ಕರ್ನಾಟಕದಲ್ಲಿ ಒಂದನೇ ಕ್ಲಾಸಿಗೆ 6 ತುಂಬಿರಬೇಕು ಎಂದು 2022ರಲ್ಲಿ ಆದೇಶವಾಯಿತು. ಜಾರಿಗೆ ತಂದದ್ದು 2025-26ರಿಂದ. ಪೋಷಕರ ಗಲಾಟೆ ಜಾಸ್ತಿಯಾಗಿ ಆ ಒಂದು ವರ್ಷಕ್ಕೆ ಮಾತ್ರ 5 ವರ್ಷ 5 ತಿಂಗಳಾಗಿದ್ದರೆ ಸಾಕು ಎಂದು ಸಡಿಲ ಮಾಡಿದರು. ಒಂದನೇ ಕ್ಲಾಸಿಗೆ 6 ಅಂದರೆ ಎಲ್‌ಕೆಜಿಗೆ 4 ತುಂಬಬೇಕು. ನಮ್ಮವನನ್ನು ಪೇಟೆಯ ಎಲ್‌ಕೆಜಿಗೆ ಹಾಕಿದ ಜೂನ್ ತಿಂಗಳಲ್ಲಿ ಅವನಿಗೆ 3 ವರ್ಷ 11 ತಿಂಗಳು. ಪೆರ್ಲದ ಲೆಕ್ಕದಲ್ಲಿ ಎಲ್‌ಕೆಜಿ ಹುಡುಗ. ಗಡಿಯ ಸಾರಡ್ಕ ದಾಟಿ ಕರ್ನಾಟಕದ ಅಡ್ಯನಡ್ಕಕ್ಕೆ ಹೋದರೆ ಇನ್ನೂ ಒಂದು ವರ್ಷ ಕಾಯಬೇಕಾದ ಹುಡುಗ. ನಡುವೆ ಇರುವುದು ಬಸ್ಸಿನಲ್ಲಿ ಕಾಲು ಗಂಟೆಯ ದಾರಿ!

ಆಮೇಲೆ ಕೇರಳವೂ ಆರಕ್ಕೆ ಹೋಗುವ ಮಾತಾಡಿತು. 2026-27ರಿಂದ ಒಂದನೇ ಕ್ಲಾಸಿಗೆ 6 ವರ್ಷ ಎಂದು ಇಲ್ಲಿನ ಶಿಕ್ಷಣ ಸಚಿವರು 2025ರಲ್ಲಿ ಹೇಳಿದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಇರುವುದೂ ಆರೇ. ನಿಯಮ ಏನೇ ಇರಲಿ, ನನಗೆ ಕೇಳಿದರೆ ತಡವಾಗಿ ಹಾಕುವುದೇ ಒಳ್ಳೆಯದು. ನಾಲ್ಕು ತುಂಬದ ಮಗುವಿಗೆ ಪೆನ್ಸಿಲು ಹಿಡಿಯಲು ಬರುವುದಿಲ್ಲ ಎಂಬುದು ದೊಡ್ಡ ವಿಷಯವೇ ಅಲ್ಲ. "ಟೀಚರ್, ನನಗೆ ಉಚ್ಚೆ ಬರ್ತಾ ಇದೆ" ಎಂದು ಗೊತ್ತಿಲ್ಲದ ಭಾಷೆಯಲ್ಲಿ ಹೇಳಲು ಬರುವುದಿಲ್ಲ. ನಮ್ಮವನು ಪೇಟೆಯ ಎಲ್‌ಕೆಜಿಯಿಂದ ಒದ್ದೆ ಚಡ್ಡಿಯಲ್ಲಿ ಬರುತ್ತಿದ್ದದ್ದು ಇದರಿಂದಲೇ.

ಪೇಟೆಯ ಎಲ್‌ಕೆಜಿಯ ವಿಷಯ ಬೇಗ ಮುಗಿಸುತ್ತೇನೆ. ಹೆಸರಿಗೆ ಇಂಗ್ಲಿಷ್ ಮೀಡಿಯಂ. ಪುಸ್ತಕ ಇಂಗ್ಲಿಷು, ವಿವರಣೆ ಎಲ್ಲ ಮಲಯಾಳದಲ್ಲಿ. ಮಲಯಾಳದ ಮೇಲೆ ನನಗೆ ಕೋಪವಿಲ್ಲ. ಆದರೆ ತುಳು ಮಾತ್ರ ಬರುವ ಮಗುವಿಗೆ ಒಟ್ಟಿಗೇ ಎರಡು ಹೊಸ ಭಾಷೆ ಬಂದು ಕೂತವು. ಓಣಂ ಹತ್ತಿರ ಬರುವಾಗ ನಾಲ್ಕು ಗೆರೆಯ ಕಾಪಿಯಲ್ಲಿ ದಿನಾ ಒಂದು ಪುಟ ಬರೆಸಿ ಕಳಿಸಿ ಎಂದರು. ಅಡ್ಮಿಷನ್‌ಗೆ 8,000, ತಿಂಗಳ ಫೀಸು ಬೇರೆ, ವ್ಯಾನು ಬೇರೆ. ಓಣಂ ರಜೆ ಮುಗಿದ ಮೇಲೆ ಕಳಿಸಲಿಲ್ಲ. ಮಲಯಾಳ ಮನೆಮಾತಾಗಿರುವ ಮಕ್ಕಳು ಅಲ್ಲಿ ಆರಾಮವಾಗಿಯೇ ಇದ್ದರು, ಅದನ್ನೂ ಹೇಳಬೇಕು.

ಅಂಗನವಾಡಿಗೆ ಅವನು ಅದಕ್ಕೂ ಮೊದಲೇ ಹೋಗುತ್ತಿದ್ದ, ಮತ್ತೆ ಅಲ್ಲಿಗೇ ಹೋದ. ಟೀಚರ್ "ಬಲ ಮಗಾ" ಎಂದು ತುಳುವಿನಲ್ಲಿ ಕರೆದು ಒಳಗೆ ಕೂರಿಸಿಕೊಂಡರು. ಅಲ್ಲಿನ ಮಕ್ಕಳಲ್ಲಿ ತುಳುವಿನವರು, ಮಲಯಾಳದವರು, ಬ್ಯಾರಿ ಮಾತಾಡುವವರು, ಮರಾಟಿ ಮನೆಯವರು ಎಲ್ಲ ಇದ್ದಾರೆ. ಜಗಳವಾಡುತ್ತಲೇ ಒಬ್ಬರ ಮಾತು ಇನ್ನೊಬ್ಬರಿಗೆ ಬರುತ್ತದೆ. ಪೇಟೆಯಲ್ಲಿ ಫೀಸು ಕೊಟ್ಟರೂ ಬಾಯಿಗೆ ಬಾರದ ಮಲಯಾಳ ಇಲ್ಲಿ ಪುಕ್ಕಟೆ ಬಂತು. ಕಾಸರಗೋಡಿನಲ್ಲಿ ಇದು ಮುಂದೆ ಉಪಯೋಗಕ್ಕೇ ಬರುತ್ತದೆ. ಸರಕಾರಿ ಕೆಲಸಕ್ಕೆ ಆಯ್ಕೆ ಮಾಡುವ ಕೇರಳ ಪಿಎಸ್‌ಸಿಯಲ್ಲಿ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆಂದೇ ಕ್ಲರ್ಕ್ ಹುದ್ದೆಗಳಿವೆ. ಮಲಯಾಳ ಕಲಿಕೆ ಕಡ್ಡಾಯ ಮಾಡುವ ಕಾನೂನು 2017ರಲ್ಲಿ ಬಂದಾಗ ಪ್ರತಿಭಟನೆ ಮಾಡಿದವರಲ್ಲಿ ನಮ್ಮವರೂ ಇದ್ದರು. ಕಡ್ಡಾಯ ಮಾಡುವುದು ಬೇರೆ, ಆಟದಲ್ಲಿ ಬರುವುದು ಬೇರೆ, ಅಲ್ವಾ?

ಸಮಯ ಬೆಳಗ್ಗೆ 9.30ರಿಂದ ಮಧ್ಯಾಹ್ನ 3.30. ಬ್ಯಾಂಕಿಗೆ ಹೋಗುವವಳಿಗೆ ಇದು ದೊಡ್ಡ ಅನುಕೂಲ. ಎಲ್‌ಕೆಜಿಗಳು ಎಷ್ಟೋ ಕಡೆ ಮಧ್ಯಾಹ್ನಕ್ಕೇ ಬಿಟ್ಟುಬಿಡುತ್ತವೆ. ಊಟ ಅಲ್ಲೇ. 2022ರಿಂದ ವಾರದಲ್ಲಿ ಕೆಲವು ದಿನ ಹಾಲು, ಮೊಟ್ಟೆ ಶುರುವಾಯಿತು. 2025ರಲ್ಲಿ ಒಬ್ಬ ಪುಟ್ಟ ಹುಡುಗ ಉಪ್ಪಿಟ್ಟು ಸಾಕು, ಬಿರಿಯಾನಿ ಕೊಡಿ ಎಂದ ವಿಡಿಯೋ ಎಲ್ಲ ಕಡೆ ಓಡಾಡಿ, ಹೊಸ ಮೆನುವಿನಲ್ಲಿ ಮೊಟ್ಟೆ ಬಿರಿಯಾನಿಯೂ ಸೇರಿತು. ಮೊಟ್ಟೆ ತಿನ್ನದ ಮನೆಯವರು ಮೊದಲೇ ಟೀಚರಿಗೆ ಹೇಳಿಟ್ಟರೆ ಸಾಕು. ಇನ್ನು ಮೂರು ವರ್ಷದೊಳಗಿನ ಮಕ್ಕಳಿಗೆ ಕೊಡುವ ಅಮೃತಂ ಎಂಬ ಪೌಷ್ಟಿಕ ಪುಡಿಯನ್ನು ಹೆಂಗಸರ ಸ್ವಸಹಾಯ ಸಂಘವಾದ ಕುಟುಂಬಶ್ರೀಯವರು ಮಾಡುತ್ತಾರೆ. ಅದರ ಹದ ಸಿದ್ಧವಾದದ್ದು ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲಿ. ಅತ್ತೆ ಅದಕ್ಕೆ ಬೆಲ್ಲ, ಕಾಯಿತುರಿ ಹಾಕಿ ಉಂಡೆ ಕಟ್ಟುತ್ತಿದ್ದರು, ದೊಡ್ಡವರೂ ತಿನ್ನುತ್ತಿದ್ದೆವು.

ಕೊರತೆ ಇಲ್ಲವೇ? ಇದೆ. ಒಂದೇ ಕೋಣೆ. ಟೀಚರ್ ಅರ್ಧ ಹೊತ್ತು ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಸರಕಾರಿ ಆ್ಯಪ್ ತುಂಬಿಸುತ್ತಿರುತ್ತಾರೆ. ಯಾವುದಾದರೂ ಸರ್ವೆ ಬಂದರೆ ಅವರೇ ಹೋಗಬೇಕು. ಆ ದಿನ ಹೆಲ್ಪರ್ ಒಬ್ಬರೇ ಎಲ್ಲರನ್ನೂ ಸುಧಾರಿಸುತ್ತಾರೆ.

ಇನ್ನು ಗಡಿಯಾಚೆ. ಭಾವನ ಮಕ್ಕಳು ಅಲ್ಲೇ ಓದುತ್ತಿದ್ದರು. "ಆಚೆ ಹಾಕು, ಕನ್ನಡವೂ ಬರ್ತದೆ, ಇಂಗ್ಲಿಷೂ ಬರ್ತದೆ" ಎಂದು ಭಾವನ ಮನೆಯ ಅಕ್ಕ ಒತ್ತಾಯ ಮಾಡಿದರು. ಆಗ ಮಗನಿಗೆ 5 ತುಂಬಲು ಒಂದೇ ತಿಂಗಳು ಬಾಕಿ. ಕ್ಲಾಸಿನಲ್ಲಿ ಎಲ್ಲರಿಗಿಂತ ದೊಡ್ಡವನು. ಅವನಿಗೇನೂ ತೊಂದರೆ ಆಗಲಿಲ್ಲ, ಲೀಡರ್ ಆದ. ಪಾಠ ಚೆನ್ನಾಗಿತ್ತು. ಟೀಚರ್‌ಗಳು ತುಳು, ಕನ್ನಡ ಎರಡೂ ಮಾತಾಡುತ್ತಿದ್ದರು. ಪೇಟೆಯ ಎಲ್‌ಕೆಜಿಗಿಂತ ಎಷ್ಟೋ ಪಾಲು ವಾಸಿ. ಫೀಸು ಮಾತ್ರ ವ್ಯಾನು ಸೇರಿ ವರ್ಷಕ್ಕೆ 45,000 ದಾಟಿತು.

ಆದರೆ ರಜೆ! ಅಕ್ಕ-ತಮ್ಮ ಎರಡು ರಾಜ್ಯದ ಶಾಲೆಗೆ ಹೋದರೆ ಏನಾಗುತ್ತದೆ ಎಂದು ಯಾರೂ ನಮಗೆ ಹೇಳಿರಲಿಲ್ಲ. ಆಚೆ ಶಾಲೆ ಶುರುವಾಗುವುದು ಮೇ ಕೊನೆಗೆ, ಈಚೆ ಜೂನ್ ಮೊದಲಿಗೆ. ಮಾರ್ಚ್ ಕೊನೆಗೆ ಅಕ್ಕನಿಗೆ ದೊಡ್ಡ ರಜೆ ಬಂದಾಗ ತಮ್ಮನಿಗೆ ಏಪ್ರಿಲ್‌ನಲ್ಲೂ ಕ್ಲಾಸು. ಓಣಂಗೆ ಅವಳು ಹತ್ತಿರ ಹತ್ತಿರ ಹತ್ತು ದಿನ ಮನೆಯಲ್ಲಿ, ಇವನು ಬೆಳಗ್ಗೆ 7.45ರ ವ್ಯಾನಿನಲ್ಲಿ. ದಸರೆಗೆ ಇವನಿಗೆ ಉದ್ದ ರಜೆ, ಅವಳಿಗೆ ಆಯುಧ ಪೂಜೆ, ವಿಜಯದಶಮಿಗೆ ಅಷ್ಟೇ. ಕ್ರಿಸ್‌ಮಸ್ಸಿಗೆ ಮತ್ತೆ ಅವಳದ್ದು ಉದ್ದ. ಶನಿವಾರ ಅವಳಿಗೆ ರಜೆ, ಇವನಿಗೆ ಅರ್ಧ ದಿನ ಕ್ಲಾಸು. ನವೆಂಬರ್ 1 ಬಂದರೆ ಇನ್ನೂ ತಮಾಷೆ. ಇವನಿಗೆ ಕನ್ನಡ ರಾಜ್ಯೋತ್ಸವದ ರಜೆ, ಅವಳ ಶಾಲೆಯಲ್ಲಿ ಕೇರಳ ಹುಟ್ಟಿದ ದಿನದ ಆಚರಣೆ. 1956ರಲ್ಲಿ ಆದ ರಾಜ್ಯಗಳ ಪಾಲು ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಇನ್ನೂ ಆಗುತ್ತಲೇ ಇತ್ತು.

ಇದೆಲ್ಲ ಮೊದಲೇ ಗೊತ್ತಾಗುವ ರಜೆ. ಹೇಗೋ ಹೊಂದಿಸಬಹುದು. ಮಳೆ ರಜೆಗೆ ಏನು ಮಾಡುವುದು? ಜುಲೈಯಲ್ಲಿ ನಮ್ಮ ಗುಡ್ಡಕ್ಕೂ ಆಚೆಯ ಗುಡ್ಡಕ್ಕೂ ಬೀಳುವುದು ಒಂದೇ ಮಳೆ. ರಜೆ ಕೊಡುವವರು ಮಾತ್ರ ಇಬ್ಬರು. ಕಾಸರಗೋಡಿನ ಕಲೆಕ್ಟರು ರಜೆ ಕೊಟ್ಟರೆ ಅಂಗನವಾಡಿಯಿಂದ ಹಿಡಿದು ಟ್ಯೂಷನ್ ಸೆಂಟರಿನವರೆಗೆ ಎಲ್ಲ ಬಂದ್. ಆಚೆ ದಕ್ಷಿಣ ಕನ್ನಡದ ಜಿಲ್ಲಾಧಿಕಾರಿ ಒಮ್ಮೊಮ್ಮೆ ಇಡೀ ಜಿಲ್ಲೆಗೆ ಕೊಡುತ್ತಾರೆ, ಒಮ್ಮೊಮ್ಮೆ ಕೆಲವು ತಾಲೂಕಿಗೆ ಮಾತ್ರ. ಹಾಗಾಗಿ ರಾತ್ರಿ ನಾವು ನೋಡಬೇಕಾದದ್ದು ಎರಡು ಸುದ್ದಿ: ಕಾಸರಗೋಡಿಗೆ ಇದೆಯಾ, ಮಗನ ಶಾಲೆ ಇರುವ ಬಂಟ್ವಾಳ ತಾಲೂಕಿಗೆ ಇದೆಯಾ? ಹಳೇ ವರ್ಷದ ರಜೆ ಆದೇಶವನ್ನೇ ಯಾರಾದರೂ ಮತ್ತೆ ವಾಟ್ಸಾಪಿಗೆ ಹಾಕಿಬಿಟ್ಟರೆ ಅದನ್ನು ಬೇರೆ ಸೋಸಬೇಕು.

ಇಲ್ಲಿ ರಜೆ, ಅಲ್ಲಿ ಇಲ್ಲ ಎಂದಾದರೆ "ಅಕ್ಕ ಮಲಗಿದ್ದಾಳೆ, ನಾನ್ಯಾಕೆ ಹೋಗ್ಬೇಕು" ಎಂದು ಅಳು. ನ್ಯಾಯವಾದ ಪ್ರಶ್ನೆ. ಈಚೆ ರೆಡ್ ಅಲರ್ಟ್ ಇರುವ ದಿನ ಮಗುವನ್ನು ವ್ಯಾನು ಹತ್ತಿಸಲು ನನಗೂ ಧೈರ್ಯ ಬರುತ್ತಿರಲಿಲ್ಲ. ಅಲ್ಲಿ ರಜೆ, ಇಲ್ಲಿ ಇಲ್ಲ ಎಂದಾದರೆ ಬೆಳಗ್ಗೆ ಟಿಫಿನ್ ಕಟ್ಟಿದ ಮೇಲೆ ವ್ಯಾನಿನವರ ಫೋನು. ಆಗ ನಾನೋ ಗಂಡನೋ ಕೆಲಸ ಬಿಡಬೇಕು. ಮಳೆ ನಿಂತ ದಿನಗಳಲ್ಲಿ ಗಂಡ ತೋಟಕ್ಕೆ ಮದ್ದು ಬಿಡಲೇಬೇಕು, ಇಲ್ಲದಿದ್ದರೆ ಕೊಳೆರೋಗ ಕಾಯುವುದಿಲ್ಲ. ನನ್ನ ಕ್ಯಾಷುಯಲ್ ಲೀವೆಲ್ಲ ಆಗಸ್ಟಿನೊಳಗೇ ಖಾಲಿ. ಹೋದ ರಜೆಗೆ ಬದಲಾಗಿ ಆಮೇಲೆ ಶನಿವಾರ ಪೂರ್ತಿ ಕ್ಲಾಸು ಇಡುತ್ತಾರೆ. ಆ ಶನಿವಾರ ನೆಂಟರ ಮನೆಯ ಮದುವೆ ಇದ್ದರೆ ಒಂದು ಮಗು ಜೊತೆಗೆ, ಇನ್ನೊಂದು ಶಾಲೆಯಲ್ಲಿ.

ಪಾಠದ ವಿಷಯದಲ್ಲಿ ದೂರು ಇಲ್ಲದಿದ್ದರೂ ವರ್ಷ ಮುಗಿದ ಕೂಡಲೇ ಬಿಡಿಸಿದೆವು. ಇನ್ನೊಂದು ಭಯವೂ ಒಳಗೆ ಇತ್ತು. 2020ರ ಮಾರ್ಚ್‌ನಲ್ಲಿ ಕೊರೋನಾ ಎಂದು ಗಡಿಯ ರಸ್ತೆಗಳಿಗೆ ಮಣ್ಣು ಸುರಿದದ್ದನ್ನು ನೋಡಿದವರು ನಾವು. ದಿನಾ ದಾಟುವ ದಾರಿ ಒಂದೇ ರಾತ್ರಿಯಲ್ಲಿ ಮುಚ್ಚಬಹುದು ಎಂಬುದು ಇಲ್ಲಿನವರಿಗೆ ಬರೀ ಕತೆಯಲ್ಲ.

"ಆಚೆ ಓದಿದರೆ ಮುಂದೆ ಕರ್ನಾಟಕದ ಸೀಟು ಸಿಗ್ತದೆ" ಎನ್ನುವವರಿಗೆ ಒಂದು ಮಾತು. ಸಿಇಟಿಗೆ ಗಡಿನಾಡು ಕನ್ನಡಿಗರ ವಿಭಾಗ ಇದೆ. ಮಂಜೇಶ್ವರ, ಕಾಸರಗೋಡು, ಹೊಸದುರ್ಗ ತಾಲೂಕುಗಳಲ್ಲಿ ವಾಸವಾಗಿದ್ದು, ಒಂದನೇ ಕ್ಲಾಸಿನಿಂದ ದ್ವಿತೀಯ ಪಿಯುವರೆಗಿನ ಓದಿನಲ್ಲಿ ಕನಿಷ್ಠ 7 ವರ್ಷ ಅಲ್ಲೇ ಓದಿರಬೇಕು. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಅಂದರೆ ಇಲ್ಲೇ ಓದಿದ್ದು ಲೆಕ್ಕಕ್ಕೆ ಬರುತ್ತದೆ. ಎಲ್‌ಕೆಜಿ ಯಾವ ಕಡೆ ಮಾಡಿದರೂ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಭಾವನಿಗೆ ಇದನ್ನು ಹೇಳಿದಾಗ ಅವರು ಮಾತು ಬದಲಿಸಿ ಅಡಿಕೆ ರೇಟು ಕೇಳಿದರು.

2025ರ ಜೂನ್‌ನಿಂದ ಮಗ ಅಕ್ಕನ ಶಾಲೆಯ ಪ್ರಿ-ಪ್ರೈಮರಿಗೆ ಹೋಗುತ್ತಿದ್ದಾನೆ. ಹಳೇ ಲೆಕ್ಕದಲ್ಲಿ ಆಗಲೇ ಒಂದನೇ ಕ್ಲಾಸಿಗೆ ಸೇರಿಸಬಹುದಿತ್ತು. ಟೀಚರ್ ಕೂಡ ಕೇಳಿದರು. ಹೇಗೂ ನಿಯಮ ಆರಕ್ಕೆ ಹೋಗುವ ಹಾಗಿದೆ, ಒಂದು ವರ್ಷ ಆಡಲಿ ಎಂದು ಬಿಟ್ಟೆವು. ಪಿಟಿಎ ನಡೆಸುವ ಕ್ಲಾಸು ಅದು. ತಿಂಗಳಿಗೆ 300 ರೂಪಾಯಿ. ಹಾಡು, ಕತೆ ಎಲ್ಲ ಕನ್ನಡದಲ್ಲಿ. ಮಕ್ಕಳು ಕಡಿಮೆ. ಪಿಟಿಎ ಕೊಡುವ ಸಂಬಳಕ್ಕೆ ಟೀಚರ್ ಎಷ್ಟು ದಿನ ನಿಲ್ಲುತ್ತಾರೆ ಎಂಬ ಚಿಂತೆ ನನಗೂ ಇದೆ. ಕೆಲವು ಸರಕಾರಿ ಶಾಲೆಗಳಲ್ಲಿ ಸಮಗ್ರ ಶಿಕ್ಷಾ ಕೇರಳದ ವರ್ಣಕೂಡಾರಂ ಬಂದಿದೆ. ಅಲ್ಲಿ ಬಣ್ಣಕ್ಕೆ, ಲೆಕ್ಕಕ್ಕೆ, ತೋಟಕ್ಕೆ, ನಾಟಕಕ್ಕೆ ಎಂದು 13 ಬಗೆಯ ಆಟದ ಜಾಗಗಳಿವೆ. ನಮ್ಮಲ್ಲಿ ಅದಿಲ್ಲ. ಮರಳು ಇದೆ, ಜಾರುಬಂಡಿ ಇದೆ, ಮಧ್ಯಾಹ್ನ ಅಕ್ಕ ಬಂದು ನೋಡಿ ಹೋಗುತ್ತಾಳೆ. ಮುಖ್ಯವಾಗಿ, ಕಲೆಕ್ಟರು ರಜೆ ಕೊಟ್ಟರೆ ಇಬ್ಬರಿಗೂ ರಜೆ.

ಗಂಡ-ಹೆಂಡತಿ ಇಬ್ಬರೂ ದಿನಾ ಮಂಗಳೂರಿಗೋ ವಿಟ್ಲಕ್ಕೋ ಕೆಲಸಕ್ಕೆ ಹೋಗುವವರಾದರೆ, ಒಂದೇ ಮಗುವಾದರೆ, ಆಚೆಯ ಶಾಲೆ ನಿಮಗೆ ಹೊಂದಬಹುದು. ನಿಮ್ಮ ರಜೆಗೂ ಮಗುವಿನ ರಜೆಗೂ ತಾಳೆಯಾಗುತ್ತದೆ. ಮನೆಯಲ್ಲಿ ಎರಡನೇ ಮಗು ಈಚೆಯ ಶಾಲೆಯಲ್ಲಿದ್ದರೆ ಮಾತ್ರ ಬೇಡ. ಪೇಟೆಯ ಎಲ್‌ಕೆಜಿಯನ್ನು ತುಳು, ಕನ್ನಡ ಮನೆಮಾತಿನವರಿಗೆ ನಾನು ಹೇಳುವುದಿಲ್ಲ, ಅದೂ ನಾಲ್ಕು ತುಂಬುವ ಮೊದಲು.

ಯಾವುದನ್ನೇ ಆರಿಸುವುದಿದ್ದರೂ ಪ್ರವೇಶೋತ್ಸವದ ದಿನ ಹೋಗಿ ನೋಡಬೇಡಿ. ಆ ದಿನ ಎಲ್ಲ ಕಡೆ ಬಲೂನು, ಮಿಠಾಯಿ. ಹಿಂದಿನ ವರ್ಷದ ಜುಲೈಯಲ್ಲೇ, ಜೋರು ಮಳೆಯ ಒಂದು ಮಧ್ಯಾಹ್ನ, ಹೇಳದೆ ಕೇಳದೆ ಹೋಗಿ. ಚಾವಣಿ ಸೋರುತ್ತದಾ ನೋಡಿ, ಶೌಚಾಲಯದ ಬಾಗಿಲು ಮಗುವಿನ ಕೈಗೆ ತೆರೆಯಲು ಬರುತ್ತದಾ ನೋಡಿ, ಒದ್ದೆಯಾದ ಮಕ್ಕಳಿಗೆ ಬಟ್ಟೆ ಯಾರು ಬದಲಿಸುತ್ತಾರೆ ಎಂದು ಕೇಳಿ. ಫೀಸಿನ ಮಾತು ಆಮೇಲೆ.