ಕಾಲ ಬುಡದ ಬೆಳಕಿಗೆ ಎರಡು ಸಲ ದುಡ್ಡು ಕೊಟ್ಟೆ

ನಾನು ಎಲ್‌ಐಸಿ ಏಜೆಂಟ್. ಮನೆ ದಾವಣಗೆರೆಯ ನಿಟ್ಟುವಳ್ಳಿ. ನನ್ನ ಪಾಲಿಸಿದಾರರು ಹರಿಹರದಿಂದ ಹಿಡಿದು ಹೊಳಲ್ಕೆರೆ, ಚಿತ್ರದುರ್ಗದವರೆಗೂ ಇದ್ದಾರೆ. ಹೊಲಕ್ಕೆ, ಅಂಗಡಿಗೆ ಹೋದ ಜನ ಮನೆಗೆ ಬರೋದೇ ಸಂಜೆ ಏಳಕ್ಕೆ. ಹಾಗಾಗಿ ನನ್ನ ಅರ್ಧ ಕೆಲಸ ನಡೆಯೋದು ಕತ್ತಲಲ್ಲೇ. ಗಾಡಿ 2019ರ ವ್ಯಾಗನ್ ಆರ್. ಅದರ ಕಾಲ ಬುಡಕ್ಕೆ ಸರಿಯಾಗಿ ಲೈಟ್ ಹಾಕಿಕೊಟ್ಟ ಒಂದು ತಗಡಿನ ಶೆಡ್ಡಿನ ಬಗ್ಗೆ ಈ ಬರಹ.

ಹೋದ ದೀಪಾವಳಿ ಹೊತ್ತಿಗೆ ಭರಮಸಾಗರದ ಹತ್ತಿರ ಗಾಡಿ ನಿಲ್ಲಿಸಿ ಫೋನಲ್ಲಿ ಮಾತಾಡುತ್ತಿದ್ದೆ. ಕಿವಿಯ ಜುಮುಕಿ ಕಳಚಿ ಕಾಲ ಬುಡಕ್ಕೆ ಬಿತ್ತು. ಮೇಲಿನ ಲೈಟ್ ಹಾಕಿದೆ. ಬೆಳಕೆಲ್ಲ ಸೀಟಿನ ಮೇಲೆ, ಕೆಳಗೆ ಬಗ್ಗಿದರೆ ನನ್ನದೇ ನೆರಳು. ಜುಮುಕಿ ಸಿಕ್ಕಿದ್ದು ಮಾರನೇ ದಿನ ಬೆಳಿಗ್ಗೆ, ಸೀಟಿನ ಕಂಬಿಯ ಸಂದಿಯಲ್ಲಿ. ಅವತ್ತೇ ಅಕ್ಕನ ಮಗ ತಲೆಗೆ ಹುಳ ಬಿಟ್ಟ: "ಚಿಕ್ಕಮ್ಮ, ಕೆಳಗಡೆ ಎಲ್‌ಇಡಿ ಹಾಕಿಸು. ಎಲ್ಲರೂ ಹಾಕಿಸ್ತಾರೆ."

ಹಾಕಿಸಿದೆ. ಗಾಜು ಹಾಕಿದ ದೊಡ್ಡ ಕಾರ್ ಸಾಮಾನಿನ ಅಂಗಡಿ, ಹೆಸರು ಬೇಡ. 1,800 ರೂಪಾಯಿ. ರಿಮೋಟ್ ಕೊಟ್ಟರು, ಮೊಬೈಲಿಗೆ ಆಪ್ ಹಾಕಿಕೊಟ್ಟರು. ಹಾಡು ಹಾಕಿದರೆ ತಾಳಕ್ಕೆ ತಕ್ಕಂತೆ ಬಣ್ಣ ಕುಣಿಯುತ್ತಿತ್ತು. "ಅರ್ಧ ಗಂಟೆ ಮೇಡಂ, ಅಷ್ಟರಲ್ಲಿ ಏನಾದ್ರೂ ತಿಂದು ಬನ್ನಿ" ಅಂದರು. ನಾನು ಹೋಗಿ ಮಂಡಕ್ಕಿ ಮಿರ್ಚಿ ತಿಂದು ಬಂದೆ. ತಪ್ಪಾಗಿದ್ದು ಅಲ್ಲೇ. ಅವರು ಕೆಲಸ ಮಾಡುವಾಗ ನಾನು ನೋಡಲಿಲ್ಲ.

ಮೂರನೇ ವಾರ ಸಿರಿಗೆರೆ ಕಡೆ ಒಂದು ಮದುವೆ. ಬಸ್ಸಲ್ಲಿ ಹೋಗಿ ಎರಡು ದಿನ ಬಿಟ್ಟು ಬಂದೆ. ಕೀ ತಿರುಗಿಸಿದರೆ ಟಕ್ ಟಕ್ ಅಂತ ಸದ್ದು, ಅಷ್ಟೇ. ಬಗ್ಗಿ ನೋಡಿದರೆ ಡ್ಯಾಶ್‌ಬೋರ್ಡ್ ಕೆಳಗೆ ಸಣ್ಣಗೆ ನೀಲಿ ಮಿಣುಕುತ್ತಿದೆ! ಹಗಲಲ್ಲಿ ಬಿಟ್ಟು ಹೋಗಿದ್ದೆ, ಉರಿಯುತ್ತಿದ್ದದ್ದು ಗೊತ್ತೇ ಆಗಿರಲಿಲ್ಲ. ಅದಕ್ಕಿಂತ ಹೆದರಿಸಿದ್ದು ಇನ್ನೊಂದು. ಡ್ರೈವರ್ ಕಡೆಯ ಎಲ್‌ಇಡಿ ಪಟ್ಟಿಯ (ಸ್ಟ್ರಿಪ್) ಗೋಂದು ಬಿಟ್ಟು, ಅರ್ಧ ಅಡಿ ವೈರು ಬ್ರೇಕ್ ಪೆಡಲ್ ಪಕ್ಕ ನೇತಾಡುತ್ತಿತ್ತು.

ಆಗ ನಮ್ಮ ಬೀದಿಯ ಆಟೋದವರು ತೋರಿಸಿದ್ದು ಈಗ ನಾನು ಬರೆಯುತ್ತಿರುವ ಅಂಗಡಿ. ಅಂಗಡಿ ಅನ್ನೋದೂ ಜಾಸ್ತಿಯೇ. ಪಿ.ಬಿ. ರಸ್ತೆಯಲ್ಲಿ ಹರಿಹರದ ಕಡೆ ಹೋಗುವಾಗ ಎಡಕ್ಕೆ ಒಂದು ತಗಡಿನ ಶೆಡ್. ಬೋರ್ಡಿಲ್ಲ. ಹೊರಗೆ ಹಳೇ ಬ್ಯಾಟರಿಗಳ ಸಾಲು, ಒಳಗೆ ಐವತ್ತು ದಾಟಿದ ಒಬ್ಬ ಅಣ್ಣ, ಕೈ ಕೆಳಗೆ ಒಬ್ಬ ಹುಡುಗ. ಹೆಚ್ಚಾಗಿ ಲಾರಿ, ಟ್ರ್ಯಾಕ್ಟರ್‌ ವೈರಿಂಗ್ ಮಾಡುತ್ತಾರೆ.

ಆ ಅಣ್ಣ ಮೊದಲು ಲೈಟೇ ನೋಡಲಿಲ್ಲ. ಫ್ಯೂಸ್ ಬಾಕ್ಸಿನ ಮುಚ್ಚಳ ತೆಗೆದರು. "ಇಲ್ಲಿ ನೋಡ್ರಿ ಅಕ್ಕಾ" ಅಂತ ಕರೆದು ತೋರಿಸಿದರು. ಸದಾ ಕರೆಂಟ್ ಇರುವ ಒಂದು ವೈರಿಗೆ ಪ್ಲಾಸ್ಟಿಕ್ ಕ್ಲಿಪ್ ಕಚ್ಚಿಸಿ ಲೈನ್ ಎಳೆದಿದ್ದರು. ಆ ಕ್ಲಿಪ್ಪಿನೊಳಗಿನ ತಗಡು ವೈರಿನ ಸಿಪ್ಪೆ ಕೊಯ್ದು ಒಳಗಿನ ಎಳೆಗಳಲ್ಲಿ ಕೆಲವನ್ನು ಕಡಿದು ಹಾಕಿತ್ತು. ಲೈಟಿಗೆ ಅಂತ ಬೇರೆ ಫ್ಯೂಸೇ ಇಲ್ಲ. ಮೀಟರ್ ಹಿಡಿದು ಅಳೆದರು, ಕೀ ಕೈಯಲ್ಲಿದ್ದರೂ 0.4 ಆಂಪ್ ಹೋಗುತ್ತಿತ್ತು. ಪ್ರೀಮಿಯಂ ಲೆಕ್ಕ ಹಾಕಿ ಅಭ್ಯಾಸ ಅಲ್ವಾ, ನಾನೇ ಮನಸ್ಸಲ್ಲಿ ಗುಣಿಸಿದೆ. 48 ಗಂಟೆಗೆ 19 ಆಂಪ್ ಅವರ್ ಹತ್ತಿರ. ನನ್ನ ಬ್ಯಾಟರಿ ತುಂಬಿದಾಗ ಹಿಡಿಯೋದೇ 35, ಅದೂ ಹಳೇದು.

"ಫ್ಯೂಸ್ ಇಲ್ದೇ ಇದ್ರೆ ಏನಾಗುತ್ತೆ?" ಅಂದೆ. ವೈರು ಎಲ್ಲಾದರೂ ತಗಡಿಗೆ ಉಜ್ಜಿ ಸಿಪ್ಪೆ ಹೋದರೆ ಬ್ಯಾಟರಿಯ ಕರೆಂಟೆಲ್ಲ ಅದರಲ್ಲೇ ನುಗ್ಗುತ್ತದೆ, ವೈರು ಕೆಂಪಗೆ ಕಾಯುತ್ತದೆ, ಅದರ ಪಕ್ಕದಲ್ಲೇ ಕಾರ್ಪೆಟ್ ಇದೆ ಅಂದರು. ಹೆದರಿಸೋ ಧಾಟಿಯಲ್ಲಿ ಹೇಳಲಿಲ್ಲ. ಬೀಡಿ ಹಚ್ಚುತ್ತಾ ಹೇಳಿದರು.

"ಬೆಣ್ಣೆದೋಸೆ ತಿಂದು ಬರ್ರಿ, ಎರಡು ತಾಸು ಆಗುತ್ತೆ" ಅಂತ ಇವರೂ ಅಂದರು. ನಾನು ಸ್ಟೂಲ್ ಎಳೆದುಕೊಂಡು ಅಲ್ಲೇ ಕುಳಿತೆ.

ಹಳೇದನ್ನೆಲ್ಲ ಕಿತ್ತರು. ಗಾಯವಾದ ವೈರಿಗೆ ಸೋಲ್ಡರ್ ಹಾಕಿ, ಮೇಲೆ ಸ್ಲೀವ್ ಏರಿಸಿ ಬಿಸಿ ಮಾಡಿ ಬಿಗಿ ಮಾಡಿದರು. ಬಣ್ಣ ಯಾವುದು ಅಂತ ಕೇಳಿದರು. ಅಕ್ಕನ ಮಗ ನೀಲಿ ಅಂದಿದ್ದ. ರಾತ್ರಿ ನೀಲಿ ಕಣ್ಣಿಗೆ ಚುಚ್ಚುತ್ತೆ, ಗಾಜಿನಲ್ಲೂ ಕಾಣುತ್ತೆ, ಹಳದಿ ಕಡೆಯ ಬಿಳಿ ತಗೊಳ್ಳಿ ಅಂದರು. ಚಿತ್ರದುರ್ಗದ ಹೆದ್ದಾರಿಯಲ್ಲಿ ಎದುರಿಗೆ ಮತ್ತು ಹಿಂದೆ ಲಾರಿ ಇರುವಾಗ ಗಾಜಿನ ಮೇಲೆ ನೀಲಿ ಗೆರೆ ಓಡುತ್ತಿದ್ದದ್ದು ನೆನಪಾಯಿತು. ಒಪ್ಪಿದೆ.

ಒಂದೇ ಬಣ್ಣದ ಸ್ಟ್ರಿಪ್, 1 ಮೀಟರ್‌ಗೆ 4.8 ವ್ಯಾಟ್. ಅದನ್ನು ನಾಲ್ಕು ತುಂಡು ಮಾಡಿ ನಾಲ್ಕೂ ಕಾಲ ಬುಡಕ್ಕೆ. ಎಲ್ಲಿ ಬೇಕಾದರೂ ಕತ್ತರಿಸೋ ಹಾಗಿಲ್ಲ. ಮೂರು ಮೂರು ಬಲ್ಬಿಗೆ ಒಂದು ತಾಮ್ರದ ಗುರುತು ಇರುತ್ತದೆ, ಅಲ್ಲೇ ಕತ್ತರಿ ಹಾಕಬೇಕು. ನಡುವೆ ಕತ್ತರಿಸಿದರೆ ಆ ಮೂರೂ ಉರಿಯಲ್ಲ. ಹುಡುಗ ಅವಸರದಲ್ಲಿ ಒಂದು ತಪ್ಪಾಗಿ ಕತ್ತರಿಸಿ ಬೈಸಿಕೊಂಡ. ಆ ತುಂಡಿಗೆ ನನ್ನಿಂದ ದುಡ್ಡು ತಗೊಳ್ಳಲಿಲ್ಲ.

ನನಗೆ ತುಂಬಾ ಹಿಡಿಸಿದ್ದು ಕರೆಂಟ್ ಎಲ್ಲಿಂದ ತಗೊಂಡರು ಅನ್ನೋದು. ಪಾರ್ಕಿಂಗ್ ಲೈಟಿನ ಫ್ಯೂಸ್ ತೆಗೆದು, ಆ ಜಾಗದಲ್ಲಿ ಎರಡು ಫ್ಯೂಸ್ ಕೂರುವ ಒಂದು ಸಣ್ಣ ಹೋಲ್ಡರ್ ಸಿಕ್ಕಿಸಿದರು. ಒಂದರಲ್ಲಿ ಗಾಡಿಯ ಹಳೇ ಫ್ಯೂಸ್, ಇನ್ನೊಂದರಲ್ಲಿ ಲೈಟಿಗೆ 2 ಆಂಪ್‌ದು. ಕಂಪನಿ ವೈರು ಒಂದೂ ಕತ್ತರಿಸಲಿಲ್ಲ. ಈಗ ಪಾರ್ಕಿಂಗ್ ಲೈಟ್ ಹಾಕಿದರೆ ಮಾತ್ರ ಕೆಳಗೆ ಬೆಳಕು. ಆರಿಸೋದು ಮರೆತು ಬಾಗಿಲು ತೆಗೆದರೆ ನನ್ನ ಗಾಡಿ ಕುಂಯ್ ಅಂತ ಕೂಗುತ್ತದೆ. ಗೊತ್ತಾಗದೇ ಬ್ಯಾಟರಿ ಇಳಿಯೋ ಭಯ ಕಡಿಮೆ. ಬೇಡ ಅಂದಾಗ ಆರಿಸೋಕೆ ಸ್ಟಿಯರಿಂಗ್ ಕೆಳಗೆ ಒಂದು ಗುಂಡಿ.

ಅರ್ತಿಂಗ್‌ಗೆ ಬಣ್ಣ ಕೆರೆದು ಬಾಡಿಯ ಬೋಲ್ಟಿಗೆ ಬಿಗಿದರು. ಹಳದಿ ಕೊಳವೆಯೊಳಗಿನ ವೈರುಗಳು ಏರ್‌ಬ್ಯಾಗ್‌ದು ಅಂತ ಹುಡುಗನಿಗೆ ತೋರಿಸಿ, ಅದರ ಹತ್ತಿರಕ್ಕೂ ಹೋಗಬೇಡ ಅಂದರು. ಎಳೆದ ವೈರಿಗೆಲ್ಲ ಬಟ್ಟೆಯ ಟೇಪ್ ಸುತ್ತಿದರು. ಮಾಮೂಲಿ ಕಪ್ಪು ಟೇಪ್ ನಮ್ಮ ಬಿಸಿಲಿಗೆ ಅಂಟಂಟಾಗಿ ಬಿಟ್ಟುಕೊಳ್ಳುತ್ತಂತೆ. ಪೆಡಲ್ ಮೇಲಿನ ವೈರಿಗೆ ಗೇಣಿಗೊಂದು ಕೇಬಲ್ ಟೈ.

ಸಾಮಾನು 450, ಕೂಲಿ 900. ಒಟ್ಟು 1,350 ರೂಪಾಯಿ. ರಿಮೋಟ್ ಇಲ್ಲ, ಆಪ್ ಇಲ್ಲ, ಕುಣಿತ ಇಲ್ಲ.

ಕೊರತೆ ಇಲ್ಲ ಅಂತಲ್ಲ. ಬಿಲ್ ಕೊಡಲ್ಲ, ಕೇಳಿದರೆ ನಗುತ್ತಾರೆ. ಫೋನ್ ಎತ್ತಲ್ಲ. ಎರಡು ತಾಸು ಅಂದಿದ್ದು ಮೂರೂವರೆ ತಾಸಾಯಿತು, ನಡುವೆ ಒಂದು ಟ್ರ್ಯಾಕ್ಟರ್ ಬಂತು ಅಂತ ನನ್ನ ಗಾಡಿ ಬಾಗಿಲು ತೆಗೆದಂತೆಯೇ ಬಿಟ್ಟು ಹೋದರು. ಕೂರೋಕೆ ನೆರಳಿಲ್ಲ, ಬೀಡಿ ಹೊಗೆ ಬೇರೆ. ಏಪ್ರಿಲ್ ಬಿಸಿಲಿಗೆ ಹಿಂದಿನ ಎಡಗಡೆ ತುಂಡಿನ ಅಂಟು ಬಿಟ್ಟಿತು. ಮೊದಲನೇ ಸಲ ಹೋದಾಗ ಅಮಾವಾಸ್ಯೆ, ಶೆಡ್ ಮುಚ್ಚಿತ್ತು. ಎರಡನೇ ಸಲ ಜಾಗ ಸ್ಪಿರಿಟ್ ಹಾಕಿ ಒರೆಸಿ, ಎರಡು ಕಡೆ ಕ್ಲಿಪ್ ಹೊಡೆದು ಕೂರಿಸಿದರು. ದುಡ್ಡು ಕೇಳಲಿಲ್ಲ, ಆದರೆ ಈ ಕ್ಲಿಪ್ಪನ್ನು ಮೊದಲೇ ಹೊಡೆಯಬಹುದಿತ್ತು.

ಹೋಗೋರು ಬೆಳಿಗ್ಗೆ ಹತ್ತರೊಳಗೆ ಹೋಗಿ, ಆಮೇಲೆ ಲಾರಿಗಳ ಸಾಲು ಶುರುವಾಗುತ್ತೆ. ಗಾಡಿ ಹೊಸದಾಗಿದ್ದರೆ ವಾರಂಟಿ ಪುಸ್ತಕ ಒಂದು ಸಲ ಓದಿಕೊಂಡು ಹೋಗಿ. ನನ್ನದು ವಾರಂಟಿ ಮುಗಿದ ಗಾಡಿ, ಆ ಚಿಂತೆ ಇರಲಿಲ್ಲ.

ಹೋದ ವಾರ ಹೊಳಲ್ಕೆರೆಯಿಂದ ಬರುವಾಗ ರಸೀದಿ ಪುಸ್ತಕದ ಪೆನ್ನು ಕೆಳಗೆ ಬಿತ್ತು. ಗಾಡಿ ಪಕ್ಕಕ್ಕೆ ಹಾಕಿ ಬಗ್ಗಿದೆ, ಕಂಡಿತು. ಪೆನ್ನಿನ ಜೊತೆ ಯಾವಾಗಲೋ ಬಿದ್ದಿದ್ದ ಐದು ರೂಪಾಯಿ ನಾಣ್ಯವೂ ಸಿಕ್ಕಿತು. ಅಕ್ಕನ ಮಗನಿಗೆ ಮಾತ್ರ ಇನ್ನೂ ಸಮಾಧಾನ ಇಲ್ಲ. "ಏನ್ ಚಿಕ್ಕಮ್ಮ, ದೇವರ ಮನೆ ದೀಪ ಇಟ್ಟಂಗಿದೆ" ಅಂತಾನೆ. ಹಳೇ ರಿಮೋಟು, ಆ ಬಣ್ಣದ ಸ್ಟ್ರಿಪ್ಪು ಇನ್ನೂ ಡಿಕ್ಕಿಯಲ್ಲಿವೆ. ಬೈಕಿಗೆ ಹಾಕ್ಕೋತೀನಿ ಕೊಡು ಅಂತ ಕೇಳಿದ. ಕೊಡಲ್ಲ ಅಂದೆ.