ಏಕಾದಶಿಗೆ ಯಾರ ಹಾಡು ಕಲೀಬೇಕು: ಅಭಿಷೇಕಿನಾ, ಖಳೆನಾ, ಭೀಮಸೇನರ ದಾಸವಾಣಿನಾ?

ಪುಣೆಯ ನಮ್ಮ ಕನ್ನಡ ಭಜನೆ ಗುಂಪಿನವರೊಬ್ಬರು ಕೇಳಿದ್ರು, ಆಷಾಢ ಏಕಾದಶಿಗೆ ಯಾವ್ದು ಕಲಿಯೋಣ ಅಂತ. ನಂಗೆ ಅನ್ಸಿದ್ದು ಹೇಳ್ತೀನಿ.

ಮೊದ್ಲು ಕಷ್ಟ ಎಷ್ಟು ಅನ್ನೋದು. ಗಾಯಕ ಜಿತೇಂದ್ರ ಅಭಿಷೇಕಿ (1929–1998) ಗೋವಾದ ಮಂಗೇಶಿಯವ್ರು, ತಂದೆ ಕೀರ್ತನಕಾರರು, ದೇವಸ್ಥಾನದ ಅಂಗಳದಲ್ಲೇ ಕಿವಿ ಬೆಳೆದಿದ್ದು, ಆಮೇಲೆ ನಾಟ್ಯಸಂಗೀತಕ್ಕೂ, ಅಂದ್ರೆ ಮರಾಠಿ ನಾಟಕದ ಹಾಡಿಗೂ, ರಾಗ ಹಾಕಿದ್ರು, ಹಂಗಾಗಿ ಅವ್ರ ಅಭಂಗದಲ್ಲಿ (ಮರಾಠಿ ಸಂತರ ಭಕ್ತಿಪದ) ರಾಗದ ತೂಕ ಜಾಸ್ತಿ, ಒಬ್ರಾದ್ರೂ ಶಾಸ್ತ್ರೀಯ ಕಲಿತವ್ರು ಇದ್ರೆ ಮಾತ್ರ ಕೈ ಹಾಕಿ. ಸಂಗೀತ ಸಂಯೋಜಕ ಶ್ರೀನಿವಾಸ ಖಳೆ ಅವ್ರದ್ದು ಕೇಳೋಕೆ ಸಲೀಸು ಅನ್ಸತ್ತೆ, ಲತಾ ಹಾಡಿದ ತುಕಾರಾಮರ ಅಭಂಗಗಳಿಗೆ ರಾಗ ಹಾಕಿದ್ದು ಅವ್ರೇ, ಆದ್ರೆ ಹಾಡೋಕ್ ಕೂತಾಗ ಸಣ್ಣ ಸಣ್ಣ ತಿರುವಲ್ಲೇ ಶ್ರುತಿ ಜಾರತ್ತೆ. ಒಳ್ಳೆ ಒಂಟಿ ಕಂಠ ಇದ್ರೆ ಇದೇ ಚೆನ್ನ.

ಭಾಷೆ ವಿಷಯಕ್ಕೆ ದಾಸವಾಣಿ. ಗದಗ ಕಡೆಯಿಂದ ಬಂದು ಪುಣೆಯಲ್ಲೇ ನೆಲೆಸಿದ ಭೀಮಸೇನ ಜೋಶಿಯವ್ರು ಪುರಂದರದಾಸರನ್ನ ಹಾಡಿದ್ದು ಕೇಳಿದ್ರೆ ಈಗ್ಲೂ ಕಣ್ಣು ತುಂಬತ್ತೆ ನಂಗೆ. ಮರಾಠಿ ಉಚ್ಚಾರದ ಭಯ ಇಲ್ಲ, ಅಜ್ಜಿಯರೂ ಮಕ್ಕಳೂ ದನಿಗೂಡಿಸ್ಬೋದು, ಅವ್ರ ತಾನ ಬಿಟ್ಟು ಬರೀ ಧಾಟಿ ಹಿಡೀರಿ ಸಾಕು.

ಖರ್ಚು? ಹಾರ್ಮೋನಿಯಂ, ತಾಳ ಮೂರಕ್ಕೂ ನಡೆಯತ್ತೆ, ಅಭಿಷೇಕಿಗೆ ಮಾತ್ರ ಒಳ್ಳೆ ತಬಲಾದವ್ರು ಬೇಕೇ ಬೇಕು.

ಕೇಳೋರು ಹೆಚ್ಚಾಗಿ ಮರಾಠಿಯವ್ರಾದ್ರೆ ಅಭಂಗದಿಂದ ಶುರು ಮಾಡಿ. ಆದ್ರೂ ಒಂದ್ ದಾಸರಪದ ಇರ್ಲಿ, ಮರಾಠಿ ಸಂತ ಜ್ಞಾನೇಶ್ವರರೇ ವಿಠ್ಠಲನನ್ನ ಕಾನಡಾ, ಅಂದ್ರೆ ಕನ್ನಡದವ, ಅಂತ ಕರೆದಿದಾರಲ್ವಾ.