ಅಮ್ಮನ 'ಶರಪಂಜರ' ಕ್ಯಾಸೆಟ್ ಪೆನ್‌ಡ್ರೈವ್‌ಗೆ ಬಂದ ಕಥೆ: ಐದಕ್ಕೆ ಮೂರು ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ಅಂಗಡಿಯ ಹೆಸರು ಹಾಕುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡ್ ಆಸುಪಾಸಿನಲ್ಲಿ ಹಳೇ ಕ್ಯಾಸೆಟ್ಟನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಡುವವರು ಇನ್ನೂ ಒಂದಿಷ್ಟು ಜನ ಇದ್ದಾರೆ, ಅವರಲ್ಲಿ ಒಬ್ಬರು ಅಂದುಕೊಳ್ಳಿ. ಹುಡುಗ ಒಳ್ಳೆಯವನು, ಕೊನೆಗೆ ತಪ್ಪು ಸರಿಮಾಡಿಕೊಟ್ಟ. ಆದರೆ ನಿಮ್ಮ ಮನೆ ಅಟ್ಟದಲ್ಲೂ ಹಳೇ ವಿಡಿಯೊ ಕ್ಯಾಸೆಟ್ ಇದ್ದರೆ, ಕೊಡುವ ಮುಂಚೆ ಇದನ್ನು ಒಮ್ಮೆ ಓದಿ.

ನಾನು ಕೊಟ್ಟಿದ್ದು ನಾಲ್ಕು ಕ್ಯಾಸೆಟ್. ಮೂರರಲ್ಲಿ ಮದುವೆ, ಮುಂಜಿ. ನಾಲ್ಕನೆಯದರ ಮೇಲೆ ಅಮ್ಮನ ಕೈಬರಹ: 'ಶರಪಂಜರ. ಅಳಿಸಬೇಡಿ.' ನಟಿ ಕಲ್ಪನಾ ನಾಯಕಿಯಾಗಿರುವ ಸಿನಿಮಾ, ದುಬೈನಲ್ಲಿದ್ದ ಸೋದರಮಾವ ತಂದ ವಿಸಿಆರ್‌ನಲ್ಲಿ, ಬೆಂಗಳೂರು ದೂರದರ್ಶನದಿಂದ ರೆಕಾರ್ಡ್ ಮಾಡಿದ್ದು. ಅಳಿಸಬಾರದು ಅಂತ ಕ್ಯಾಸೆಟ್ಟಿನ ಹಿಂದಿನ ಪ್ಲಾಸ್ಟಿಕ್ ಚಿಪ್ಪನ್ನೂ ಅಮ್ಮ ಮುರಿದಿದ್ದರು, ಅದು ಇಲ್ಲದಿದ್ದರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ನಮ್ಮಣ್ಣ ಬುದ್ಧಿವಂತ. ಆ ತೂತಿನ ಮೇಲೆ ಸೆಲ್ಲೋಟೇಪ್ ಅಂಟಿಸಿ, 1987ರ ವಿಶ್ವಕಪ್‌ನಲ್ಲಿ ನಾಗಪುರದ ಮ್ಯಾಚ್ ರೆಕಾರ್ಡ್ ಮಾಡಿಕೊಂಡ. ಗಾವಸ್ಕರ್ ಏಕದಿನದಲ್ಲಿ ಹೊಡೆದ ಒಂದೇ ಒಂದು ಸೆಂಚುರಿ ಅದು. ಹೀಗಾಗಿ ನಮ್ಮ ಮನೆಯ 'ಶರಪಂಜರ'ದಲ್ಲಿ ಮೊದಲು ಕಲ್ಪನಾ, ಆಮೇಲೆ ಸುಮಾರು ಇಪ್ಪತ್ತು ನಿಮಿಷ ಗಾವಸ್ಕರ್, ಮತ್ತೆ ಕಲ್ಪನಾ. ಅಮ್ಮ ಅಣ್ಣನ ಜೊತೆ ಎರಡು ದಿನ ಮಾತು ಬಿಟ್ಟಿದ್ದರು.

'ಯೂಟ್ಯೂಬ್‌ನಲ್ಲಿ ಸಿಗುತ್ತಲ್ಲ ಅತ್ತೆ, ಇದಕ್ಕೆ ಯಾಕೆ ದುಡ್ಡು ಸುರಿಯೋದು' ಅಂತ ಅಣ್ಣನ ಮಗ ಕೇಳಿದ. ಅವನಿಗೇನು ಗೊತ್ತು.

ರೇಟು ಹೀಗಿತ್ತು. ಕ್ಯಾಸೆಟ್ಟಿಗೆ 350 ರೂಪಾಯಿ. ಒಳಗೆ ಬೂಷ್ಟು ಹಿಡಿದಿದ್ದರೆ ಒರೆಸಿ ಕೊಡಲು 150. 'ಕ್ಲೀನಪ್ ಪ್ಯಾಕೇಜ್' ಬೇಕಿದ್ದರೆ ಇನ್ನೂ 200. ನಮ್ಮದರಲ್ಲಿ ಬೂಷ್ಟು ಧಾರಾಳವಾಗಿತ್ತು. ಹುಡುಗ ಕ್ಯಾಸೆಟ್ಟಿನ ಮುಚ್ಚಳ ಎತ್ತಿ ಟಾರ್ಚ್ ಬಿಟ್ಟು ತೋರಿಸಿದ, ಟೇಪಿನ ಅಂಚಿನಲ್ಲಿ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. 'ಹೀಗೇ ಪ್ಲೇಯರ್‌ಗೆ ಹಾಕಿದ್ರೆ ಹೆಡ್ ಹಾಳಾಗುತ್ತೆ ಮೇಡಂ, ಮುಂದಿನವರ ಕ್ಯಾಸೆಟ್ಟಿಗೂ ಅಂಟುತ್ತೆ' ಅಂದ. ಈ ಪ್ರಾಮಾಣಿಕತೆಗೆ ಒಂದು ಸ್ಟಾರ್ ಅಲ್ಲೇ ಕೊಟ್ಟೆ. ಕ್ಲೀನಪ್ಪೂ ಇರಲಿ ಅಂದೆ. ತಪ್ಪು ಮಾಡಿದ್ದು ಅಲ್ಲೇ.

ಒಂಬತ್ತು ದಿನ ಅಂದವರು ಹದಿನೇಳು ದಿನ ತಗೊಂಡರು. ಅದನ್ನು ಬಿಡಿ. ಟಿವಿಗೆ ಪೆನ್‌ಡ್ರೈವ್ ಹಾಕಿದರೆ ಕಲ್ಪನಾ ಮುಖ ಸೆಟ್ ದೋಸೆಯ ಹಾಗೆ ಅಗಲ! ಹಳೇ ಟಿವಿಯ 4:3 ಚಿತ್ರವನ್ನು ಈಗಿನ 16:9ಕ್ಕೆ ಎಳೆದು ಕೂರಿಸಿದ್ದರು. ಅಮ್ಮ ಕನ್ನಡಕ ಒರೆಸಿಕೊಂಡು, 'ಯಾರೇ ಇವಳು?' ಅಂದರು. ಜೊತೆಗೆ ನಮ್ಮನ್ನು ಕೇಳದೆ 'ಕಸ' ಅಂತ ತೆಗೆದುಹಾಕಿದ್ದು ಏನೇನು ಗೊತ್ತಾ? ಸಿನಿಮಾಗೆ ಮುಂಚೆ ಬರುತ್ತಿದ್ದ ಅನೌನ್ಸರ್. 'ಅಡಚಣೆಗಾಗಿ ಕ್ಷಮಿಸಿ' ಎಂಬ ಸ್ಲೈಡ್. ಪಾಪ, ಗಾವಸ್ಕರ್ ಕೂಡ.

ಇದಕ್ಕಿಂತ ದೊಡ್ಡ ಅನಾಹುತ ಆಗಿದ್ದು ಧ್ವನಿಯಲ್ಲಿ. ಟೇಪಿನ ಸುಯ್ ಅನ್ನುವ ಸದ್ದು ಹೋಗಲಿ ಅಂತ ಫಿಲ್ಟರ್ ಹಾಕಿದ್ದಾರೆ. ಈ ಫಿಲ್ಟರ್‌ಗೆ ಸಣ್ಣ ಸದ್ದು ಯಾವುದು, ಸಣ್ಣ ದನಿ ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಒಟ್ಟಿಗೆ ಒರೆಸಿಹಾಕುತ್ತದೆ. ಜೋರಾಗಿ ಮಾತಾಡಿದರೆ ಸ್ಪಷ್ಟ. ಮೆಲ್ಲಗೆ ಮಾತಾಡಿದರೆ ಬಿಂದಿಗೆಯೊಳಗೆ ಬಾಯಿಟ್ಟು ಹೇಳಿದ ಹಾಗೆ.

ಬೇರೆ ಯಾರದೋ ಸಿನಿಮಾ ಆಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ಕಲ್ಪನಾಗೆ ಹೀಗೆ ಮಾಡಬಾರದು. ಈಗಿನ ಹುಡುಗರಿಗೆ ಅವರು ಗೊತ್ತಿರುವುದು ಮಿಮಿಕ್ರಿಯಿಂದ. 'ಕಲ್ಪನಾ ಅಂದ್ರೆ ಕಿರುಚೋದು ಅಲ್ವಾ' ಅಂತ ಅಣ್ಣನ ಮಗನೂ ಅಂದ. ಕಿರುಚುತ್ತಾರೆ, ಇಲ್ಲ ಅನ್ನಲ್ಲ. ಆದರೆ ಎಷ್ಟು ಹೊತ್ತು ತಡೆದುಕೊಂಡು ಆಮೇಲೆ ಕಿರುಚುತ್ತಾರೆ ಅನ್ನುವುದನ್ನು ನೋಡಬೇಕು. 'ಶರಪಂಜರ'ದ ಕಾವೇರಿ ಎರಡನೇ ಹೆರಿಗೆಯಾದ ಮೇಲೆ ಮನಸ್ಸಿನ ಕಾಯಿಲೆಗೆ ಬೀಳುತ್ತಾಳೆ. ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಮನೆಗೆ ಗುಣವಾಗಿರುವುದಿಲ್ಲ, ಅಷ್ಟೇ. ಎಲ್ಲರೂ ಅವಳನ್ನು ಹೆದರಿಕೆಯಿಂದ ನೋಡುತ್ತಾರೆ, ಗಂಡ ದೂರ ಸರಿದಿರುತ್ತಾನೆ. ಅಲ್ಲಿಂದ ಮುಂದೆ ಕಲ್ಪನಾ ದನಿ ಕೇಳಿ. ನಾನು ಸರಿಯಾಗಿದ್ದೇನೆ ಅಂತ ತೋರಿಸಿಕೊಳ್ಳಲು ಹೆಣಗುವವರ ದನಿ ಅದು. ಸ್ವಲ್ಪ ಜಾಸ್ತಿಯಾದರೂ 'ಹುಚ್ಚು' ಅಂದುಬಿಡುತ್ತಾರಲ್ಲ, ಹಾಗಾಗಿ ಪ್ರತಿ ಮಾತನ್ನೂ ಅಳೆದು ಇಡುತ್ತಾರೆ. ಫಿಲ್ಟರ್ ನುಂಗಿದ್ದು ಸರಿಯಾಗಿ ಇದನ್ನೇ. ಉಳಿಸಿದ್ದು ಮಿಮಿಕ್ರಿಯವರಿಗೆ ಬೇಕಾದಷ್ಟನ್ನು.

ಅಮ್ಮನ ಲೆಕ್ಕದಲ್ಲಿ ಕನ್ನಡದಲ್ಲಿ ನಾಯಕಿ ಅಂದರೆ ಒಬ್ಬರೇ. ಮಂಗಳೂರಿನ ಶರತ್ ಲತಾ, ಹುಟ್ಟಿದ್ದು 1943ರ ಜುಲೈ 18. ಬಿ.ಆರ್. ಪಂತುಲು ಅವರ 'ಸಾಕು ಮಗಳು' ಮೂಲಕ 1963ರಲ್ಲಿ ಕಲ್ಪನಾ ಆಗಿ ತೆರೆಗೆ ಬಂದರು. ಅದೇ ವರ್ಷ ಕಾದಂಬರಿಕಾರ್ತಿ ತ್ರಿವೇಣಿ ತೀರಿಕೊಂಡರು. ಇದನ್ನು ಅಮ್ಮ ಹೇಳುವಾಗ ಪ್ರತಿಸಲ ಒಂದು ಕ್ಷಣ ನಿಲ್ಲಿಸುತ್ತಾರೆ. ಯಾಕೆಂದರೆ ಕಲ್ಪನಾಗೆ ರಾಜ್ಯ ಪ್ರಶಸ್ತಿ ತಂದ ಮೂರು ಸಿನಿಮಾ, 'ಬೆಳ್ಳಿ ಮೋಡ', 'ಹಣ್ಣೆಲೆ ಚಿಗುರಿದಾಗ', 'ಶರಪಂಜರ', ಮೂರೂ ತ್ರಿವೇಣಿಯವರ ಕಾದಂಬರಿ. ತನ್ನ ಕಾದಂಬರಿಯ ಹೆಣ್ಣುಮಕ್ಕಳಿಗೆ ಇಂಥ ಮುಖ ಸಿಕ್ಕಿದ್ದನ್ನು ಬರೆದವರು ನೋಡಲೇ ಇಲ್ಲ.

'ಬೆಳ್ಳಿ ಮೋಡ' (1967) ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಸಿನಿಮಾ. ಕಲ್ಪನಾ ಇದರಲ್ಲಿ ಇಂದಿರೆ. ಎಸ್ಟೇಟಿನ ಆಸ್ತಿ ಇಂದಿರೆಗೇ ಅಂತ ಇರುವವರೆಗೂ ಮೋಹನನಿಗೆ ಅವಳ ಮೇಲೆ ಪ್ರೀತಿ. ತಮ್ಮ ಹುಟ್ಟಿದ ಮೇಲೆ ಇಲ್ಲ. ಕೊನೆಗೆ ಅವನು ಬದಲಾಗಿ ಬಂದಾಗ ಇಂದಿರೆ ಒಲ್ಲೆ ಅನ್ನುತ್ತಾಳೆ. 1967ರಲ್ಲಿ ನಾಯಕಿ ಹಾಗನ್ನುವುದು ಸಣ್ಣ ಮಾತಲ್ಲ. ಎಂ.ಕೆ. ಇಂದಿರಾ ಕಾದಂಬರಿಯ 'ಗೆಜ್ಜೆ ಪೂಜೆ'ಯನ್ನು ಮಾತ್ರ ಅಮ್ಮ ಎರಡನೇ ಸಲ ನೋಡಿಲ್ಲ, ತಡೆಯೋಕಾಗಲ್ಲ ಅನ್ನುತ್ತಾರೆ. 'ಗಂಧದ ಗುಡಿ', 'ಎರಡು ಕನಸು', ಅನಂತ್ ನಾಗ್ ಜೊತೆಗಿನ 'ಬಯಲು ದಾರಿ' ನನ್ನ ಪಟ್ಟಿ. 'ಎರಡು ಕನಸು'ವಿನಲ್ಲಿ ರಾಜ್‌ಕುಮಾರ್ ಮನಸ್ಸೆಲ್ಲ ಮಂಜುಳಾ ಕಡೆ. ಕಲ್ಪನಾ ಗಂಡನ ಪ್ರೀತಿ ಸಿಗದ ಹೆಂಡತಿ. ಅಲ್ಲೂ ನೋಡಿ, ಸದ್ದೇ ಇಲ್ಲ.

1979ರ ಮೇ 12ರಂದು ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಹತ್ತಿರ ಗೋಟೂರಿನ ಬಂಗಲೆಯಲ್ಲಿ ತೀರಿಕೊಂಡರು. ಮೂವತ್ತಾರು ತುಂಬಿರಲಿಲ್ಲ. ಅವರ ಸಾವಿನ ಬಗ್ಗೆ ಜನ ಬೇಕಾದಷ್ಟು ಕಥೆ ಕಟ್ಟಿದ್ದಾರೆ. ನಮ್ಮ ಮನೆಯಲ್ಲಿ ಅದನ್ನು ಎತ್ತುವ ಹಾಗಿಲ್ಲ. ಯಾರಾದರೂ ಶುರು ಮಾಡಿದರೆ ಅಮ್ಮ ಎದ್ದು ಒಳಗೆ ಹೋಗುತ್ತಾರೆ.

ಸರಿ, ಅಂಗಡಿಗೆ ವಾಪಸ್. ನಾನು ಜಗಳಕ್ಕೆ ಸಿದ್ಧಳಾಗಿಯೇ ಹೋದೆ. ಹುಡುಗ ಜಗಳಕ್ಕೆ ಬರಲಿಲ್ಲ. 'ಎಲ್ಲರೂ ನೀಟಾಗಿರಲಿ ಅಂತಾರೆ ಮೇಡಂ' ಅಂದ. ಕಂಪ್ಯೂಟರ್‌ನಲ್ಲಿ ಫಿಲ್ಟರ್ ಹಾಕುವ ಮುಂಚಿನ ಫೈಲ್ ಇನ್ನೂ ಇತ್ತು. ತೆಗೆದು ಒಂದು ಜಾಗ ಹಾಕಿದ. ಸುಯ್ ಅನ್ನುವ ಸದ್ದು, ಅದರ ಹಿಂದೆ ಕಲ್ಪನಾ ಮೆಲ್ಲನೆಯ ಮಾತು, ಒಂದಕ್ಷರ ಬಿಡದೆ. ಅವನೂ ಹೆಡ್‌ಫೋನ್ ಹಾಕಿಕೊಂಡು ಎರಡು ಸಲ ಕೇಳಿದ. ಆಮೇಲೆ 'ಹೌದಲ್ವಾ' ಅಂದ. ಕ್ಲೀನಪ್ಪಿನ 200 ವಾಪಸ್ ಕೊಟ್ಟ, ಕೇಳಿರಲಿಲ್ಲ. ಇನ್ನೆರಡು ಸ್ಟಾರ್ ಅದಕ್ಕೆ. ತಡ ಮಾಡಿದ್ದಕ್ಕೊಂದು, ಕೇಳದೆ ಕತ್ತರಿಸಿದ್ದಕ್ಕೊಂದು ಕಟ್.

ನೀವು ಹೋದರೆ ಕೊಡುವಾಗಲೇ ಹೇಳಿಬಿಡಿ: 4:3 ಇರಲಿ, ಫಿಲ್ಟರ್ ಬೇಡ, ಏನನ್ನೂ ಕತ್ತರಿಸಬೇಡಿ, ಎಂಪಿ4 ಜೊತೆಗೆ ಮೂಲ ಫೈಲನ್ನೂ ಕೊಡಿ. ಮೂಲ ಫೈಲ್ ಭಾರೀ ದೊಡ್ಡದು, ದೊಡ್ಡ ಪೆನ್‌ಡ್ರೈವ್ ನೀವೇ ಒಯ್ದರೆ ದುಡ್ಡು ಉಳಿಯುತ್ತದೆ. ಕ್ಯಾಸೆಟ್ ವಾಪಸ್ ಇಸಿದುಕೊಳ್ಳಲು ಮರೆಯಬೇಡಿ.

ಭಾನುವಾರ ಮಧ್ಯಾಹ್ನ ಅಮ್ಮನ ಪಕ್ಕ ಕೂತು ಪೂರ್ತಿ ನೋಡಿದೆ. ಅನೌನ್ಸರ್ ಬಂದರು. ಬೇಂದ್ರೆಯವರ 'ಉತ್ತರ ಧ್ರುವದಿಂ' ಬಂತು, ಅಮ್ಮ ಜೊತೆಗೇ ಗುನುಗಿದರು. ಗಾವಸ್ಕರ್ ಬಂದಾಗ ಅಣ್ಣನಿಗೆ ಫೋನ್ ಮಾಡಿ ಬೈದರು, ಈ ಸಲ ನಗುತ್ತಾ. ಕೊನೆಗೆ ಟೇಪ್ ಮುಗಿಯುವ ಜಾಗ. ನಮ್ಮ ಕ್ಯಾಸೆಟ್ಟಿನಲ್ಲಿ ಕ್ಲೈಮ್ಯಾಕ್ಸ್ ಇಲ್ಲ, ಟೇಪ್ ಸಾಕಾಗಿರಲಿಲ್ಲ. ಕಾವೇರಿ ಇನ್ನೂ ಮನೆಯಲ್ಲೇ ಇರುವಾಗ ಪರದೆ ನೀಲಿಯಾಗುತ್ತದೆ. ಚಿಕ್ಕವಳಿದ್ದಾಗ ಸಿನಿಮಾ ಅಲ್ಲಿಗೇ ಮುಗಿಯುತ್ತದೆ ಅಂದುಕೊಂಡಿದ್ದೆ. ಅವಳು ಮತ್ತೆ ಆಸ್ಪತ್ರೆಗೆ ಹೋಗುತ್ತಾಳೆ ಅಂತ ಗೊತ್ತಾಗಿದ್ದು ಕಾಲೇಜಿಗೆ ಸೇರಿದ ಮೇಲೆ.

'ಮಿಕ್ಕಿದ್ದನ್ನ ಯೂಟ್ಯೂಬ್‌ನಲ್ಲಿ ಹಾಕ್ಲಾ?' ಅಂತ ಕೇಳಿದೆ.

'ಬೇಡ. ಇದನ್ನ ರಿವೈಂಡ್ ಮಾಡಿಟ್ಟುಬಿಡು' ಅಂದರು ಅಮ್ಮ.